ಸೆಕೆಯ ಊರಿನಲ್ಲಿ ಗೇಮಿಂಗ್ ಪಿಸಿ: ಓವರ್‌ಕ್ಲಾಕ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಿಸಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮೇಲೆ ಶೀಟು ಹೊದೆಸಿದ ಒಂದು ಕೋಣೆ. ಅಲ್ಲೊಂದು ಮೇಜು, ನಾಲ್ಕು ಸ್ಕ್ರೂಡ್ರೈವರು, ಒಂದು ಬ್ಲೋವರು. ಸಂಜೆಯಾದರೆ ಯಾರಾದರೂ ಒಬ್ಬ ಹುಡುಗ ಸ್ಕೂಟರಿನ ಕಾಲ ಬಳಿ ಪಿಸಿಯ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ಇಟ್ಟುಕೊಂಡು ಬರುತ್ತಾನೆ. ಒಬ್ಬ ತುಳುವಿನಲ್ಲಿ ಕೇಳುತ್ತಾನೆ, ಇನ್ನೊಬ್ಬ ಮಲಯಾಳದಲ್ಲಿ, ಮತ್ತೊಬ್ಬ ಹವಿಗನ್ನಡದಲ್ಲಿ. ಭಾಷೆ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಇದನ್ನು ಒಮ್ಮೆ ಬರೆದಿಟ್ಟಿದ್ದೇನೆ.

ಅಣ್ಣಾ, ಓವರ್‌ಕ್ಲಾಕ್ ಅಂದರೆ ನಿಜವಾಗಿ ಎಂತ?

ಚಿಪ್ಪು ಸೆಕೆಂಡಿಗೆ ಎಷ್ಟು ಸಲ ಮಿಡಿಯಬೇಕು ಅಂತ ಕಂಪನಿಯವರು ಒಂದು ಲೆಕ್ಕ ಇಟ್ಟಿರುತ್ತಾರೆ, ಅದೇ ಕ್ಲಾಕ್. ಅದನ್ನು ನಾವು ಕೈಯಾರೆ ಏರಿಸುವುದೇ ಓವರ್‌ಕ್ಲಾಕ್. 1800 ಮೆಗಾಹರ್ಟ್ಸ್ ಇದ್ದದ್ದನ್ನು 1900 ಮಾಡಿದರೆ ಕೆಲಸ ಸ್ವಲ್ಪ ಬೇಗ ಆಗುತ್ತದೆ, ಬಿಸಿಯೂ ಜಾಸ್ತಿಯಾಗುತ್ತದೆ. ಅಷ್ಟೇ ವಿಷಯ.

ನನ್ನ ಪಿಸಿಗೆ ಅದು ಬೇಕಾ?

ಹೆಚ್ಚಿನವರಿಗೆ ಬೇಡ. ಹತ್ತು ವರ್ಷದ ಹಿಂದೆ ಓವರ್‌ಕ್ಲಾಕ್ ಮಾಡಿದರೆ ನಿಜವಾಗಿಯೂ ಲಾಭ ಇತ್ತು. ಈಗಿನ ಗ್ರಾಫಿಕ್ಸ್ ಕಾರ್ಡುಗಳು, ಅಂದರೆ ಪರದೆಗೆ ಆಟದ ಚಿತ್ರ ಬಿಡಿಸಿ ಕೊಡುವ ಕಾರ್ಡುಗಳು, ತಮ್ಮಷ್ಟಕ್ಕೇ ಬೂಸ್ಟ್ ಆಗುತ್ತವೆ. ಬಿಸಿ ಕಡಿಮೆ ಇದ್ದರೆ, ಪವರ್ ಉಳಿದಿದ್ದರೆ, ಅವೇ ಮೇಲೆ ಹೋಗುತ್ತವೆ. ನಾವು ಕಷ್ಟಪಟ್ಟು ಹಿಂಡಿದರೂ ಸಿಗುವುದು ಶೇಕಡಾ 5ರಿಂದ 8. ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರುತ್ತಿದ್ದಲ್ಲಿ 63, 64. ಅದು ಕಣ್ಣಿಗೆ ಕಾಣುತ್ತದಾ? ನನಗಂತೂ ಕಾಣುವುದಿಲ್ಲ.

ಆದರೆ ಇದರಲ್ಲೊಂದು ಮಜಾ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾಡುವುದಾದರೆ ಮೊದಲು ಬಿಸಿಯನ್ನು ಹದಕ್ಕೆ ತನ್ನಿ. ಬಿಸಿ ಇಳಿದರೆ ಕಾರ್ಡು ತಾನಾಗಿಯೇ ಸ್ವಲ್ಪ ಓವರ್‌ಕ್ಲಾಕ್ ಆದ ಹಾಗೆ. ಎನ್ವಿಡಿಯಾ ಕಂಪನಿಯ ಕಾರ್ಡುಗಳಲ್ಲಿ ಬಿಸಿ ಏರುತ್ತಾ ಹೋದಂತೆ ಕ್ಲಾಕ್ 15 ಮೆಗಾಹರ್ಟ್ಸಿನ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ತಂಪಾಗಿಟ್ಟರೆ ಆ ಮೆಟ್ಟಿಲುಗಳು ವಾಪಸ್ ಸಿಗುತ್ತವೆ.

ಎಷ್ಟು ಡಿಗ್ರಿ ತನಕ ಪರವಾಗಿಲ್ಲ?

ಆಟ ಆಡುವಾಗ 65ರಿಂದ 80 ಇದ್ದರೆ ಆರಾಮಾಗಿರಿ. 83 ಆಸುಪಾಸಿಗೆ ಬಂದರೆ ಹಲವು ಎನ್ವಿಡಿಯಾ ಕಾರ್ಡುಗಳು ತಾವೇ ಹಿಂದೆ ಸರಿಯಲು ಶುರು ಮಾಡುತ್ತವೆ. ಕಂಪನಿ ಕೊಟ್ಟ ಗರಿಷ್ಠ ಮಿತಿ ಆರ್‌ಟಿಎಕ್ಸ್ 3060 ಎಂಬ ಮಾಡೆಲಿಗೆ 93 ಡಿಗ್ರಿ, 4060ಕ್ಕೆ 90. ಅಲ್ಲಿಗೆ ಮುಟ್ಟಿದ ಕೂಡಲೇ ಕಾರ್ಡು ಸುಟ್ಟು ಹೋಗುವುದಿಲ್ಲ. ಅದಕ್ಕೂ ಮೊದಲೇ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ತೀರಾ ಆಗದಿದ್ದರೆ ಪಿಸಿಯೇ ಆಫ್ ಆಗುತ್ತದೆ.

ನೋಡಬೇಕಾದ ಅಂಕೆ ಇನ್ನೊಂದುಂಟು, ಹಾಟ್‌ಸ್ಪಾಟ್. ಚಿಪ್ಪಿನ ಮೇಲೆ ಎಲ್ಲಕ್ಕಿಂತ ಬಿಸಿ ಇರುವ ಜಾಗ ಅದು. ಕೋರ್, ಅಂದರೆ ಚಿಪ್ಪಿನ ಮಾಮೂಲಿ ಅಂಕೆ, 75 ಇದ್ದರೆ ಹಾಟ್‌ಸ್ಪಾಟ್ 87, 90 ಇರುವುದು ಸಹಜ. ಎರಡರ ನಡುವೆ 10ರಿಂದ 15 ಡಿಗ್ರಿ ಅಂತರ ಇದ್ದರೆ ಸರಿ. ಅಂತರ 25, 30 ಆದರೆ ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿದೆ, ಇಲ್ಲವೇ ಕೂಲರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಎಎಮ್‌ಡಿ ಕಂಪನಿಯ ಕಾರ್ಡುಗಳಲ್ಲಿ ಇದಕ್ಕೆ ಜಂಕ್ಷನ್ ಅಂತ ಹೆಸರು. ಆರ್‌ಎಕ್ಸ್ 5700 ಬಂದಾಗ ಜನ ಹೆದರಿ ಕೇಳಿದ್ದಕ್ಕೆ, 110 ಡಿಗ್ರಿ ತನಕ ಅದು ಲೆಕ್ಕದೊಳಗೇ ಇದೆ ಅಂತ ಕಂಪನಿಯೇ ಹೇಳಿತ್ತು. ನನಗೆ ಮಾತ್ರ 100 ದಾಟಿದರೆ ಮನಸ್ಸು ಒಪ್ಪುವುದಿಲ್ಲ.

ಮೆಮೊರಿಯ ಬಿಸಿ ಎಲ್ಲ ಕಾರ್ಡಿನಲ್ಲೂ ಕಾಣುವುದಿಲ್ಲ. 3080, 3090 ಥರದವುಗಳಲ್ಲಿ ಕಾಣುತ್ತದೆ, 3060ರಲ್ಲಿ ಇಲ್ಲ. ಎನ್ವಿಡಿಯಾದ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಅಂಕೆಯನ್ನೂ ಮರೆ ಮಾಡಿದ್ದಾರೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ, ಅರ್ಧ ಗಂಟೆ ನಿಮ್ಮ ಮಾಮೂಲಿ ಆಟ ಆಡಿ, ಆಮೇಲೆ ಮ್ಯಾಕ್ಸಿಮಮ್ ಅಂತ ಬರೆದ ಕಾಲಮ್ಮನ್ನು ನೋಡಿ. ಐದು ನಿಮಿಷ ಆಡಿ ನೋಡಿದರೆ ಏನೂ ಗೊತ್ತಾಗದು. ಕ್ಯಾಬಿನೆಟ್ ಒಳಗಿನ ಗಾಳಿ ಬಿಸಿಯಾಗಲು ಹೊತ್ತು ಬೇಕು.

ಯೂಟ್ಯೂಬಿನಲ್ಲಿ ಅದೇ ಕಾರ್ಡಿಗೆ 62 ಡಿಗ್ರಿ ತೋರಿಸುತ್ತಾರೆ. ನನಗೆ 78. ಕಾರ್ಡು ಹಾಳಾ?

ಕಾರ್ಡು ಹಾಳಲ್ಲ, ಊರು ಬೇರೆ. ವಾರಕ್ಕೆ ಮೂರು ಜನ ಇದನ್ನೇ ಕೇಳುತ್ತಾರೆ.

ಆ ವಿಡಿಯೋ ಮಾಡಿದವನು ಕೂತಿರುವ ಕೋಣೆ 20, 21 ಡಿಗ್ರಿ. ನಿಮ್ಮದು? ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ನನ್ನ ಮೇಜಿನ ಮೇಲಿನ ಥರ್ಮಾಮೀಟರು 34 ತೋರಿಸುತ್ತದೆ. ಫ್ಯಾನ್ ಅದೇ ವೇಗದಲ್ಲಿ ತಿರುಗುತ್ತಿದ್ದರೆ, ಕೋಣೆ 10 ಡಿಗ್ರಿ ಏರಿದಾಗ ಕಾರ್ಡೂ ಹತ್ತಿರ ಹತ್ತಿರ 10 ಡಿಗ್ರಿ ಏರುತ್ತದೆ. ಎಷ್ಟು ಒಳ್ಳೆಯ ಕೂಲರ್ ಹಾಕಿದರೂ ಅದು ಬಿಸಿಯನ್ನು ಸುರಿಯುವುದು ಕೋಣೆಯ ಗಾಳಿಗೇ. ಗಾಳಿಯೇ ಬಿಸಿ ಇದ್ದರೆ ಅದು ಎಲ್ಲಿಗೆ ಸುರಿಯಬೇಕು? ಹಾಗಾಗಿ ನಿಮ್ಮ 78ರಿಂದ ಕೋಣೆಯ 34 ಕಳೆಯಿರಿ. 44 ಉಳಿಯಿತು. ಅವನ 62ರಿಂದ 21 ಕಳೆದರೆ 41. ಇಬ್ಬರದ್ದೂ ಸುಮಾರು ಒಂದೇ. ಹೋಲಿಸುವುದಾದರೆ ಯಾವಾಗಲೂ ಈ ಕಳೆದ ಲೆಕ್ಕವನ್ನೇ ಹೋಲಿಸಿ.

ಮನೆಯ ಮಾಡು ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಹಳೇ ಮನೆಯಲ್ಲಿ ಪಿಸಿ ಇಟ್ಟ ನೀರ್ಚಾಲಿನ ಹುಡುಗನೊಬ್ಬನಿಗೆ ನನಗಿಂತ 5 ಡಿಗ್ರಿ ಕಡಿಮೆ ಬರುತ್ತದೆ. ಕಾರ್ಡು ಒಂದೇ, ಕ್ಯಾಬಿನೆಟ್ ಒಂದೇ. ಟೆರೇಸಿನ ಮನೆಯ ಮೇಲ್ಮಹಡಿ ರಾತ್ರಿ ಹತ್ತರ ತನಕ ಬಿಸಿ ಬಿಡುತ್ತಾ ಇರುತ್ತದೆ. ಸಾಧ್ಯವಿದ್ದರೆ ಪಿಸಿಯನ್ನು ಕೆಳಗಿನ ಕೋಣೆಗೆ ತನ್ನಿ. ಖರ್ಚಿಲ್ಲದ ಕೂಲರ್ ಅದು.

ಕ್ಯಾಬಿನೆಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರೆ?

ಬಿಸಿ ಇಳಿಯುತ್ತದೆ, ನಿಜ. ಒಂದು ದಿನದ ಪರೀಕ್ಷೆಗೆ ಮಾಡಿ ನೋಡಿ. ಬಾಗಿಲು ತೆಗೆದಾಗ 8, 10 ಡಿಗ್ರಿ ಇಳಿದರೆ ದೋಷ ಕಾರ್ಡಿನದ್ದಲ್ಲ, ಕ್ಯಾಬಿನೆಟಿಗೆ ಗಾಳಿ ಸಾಲುತ್ತಿಲ್ಲ. 2 ಡಿಗ್ರಿ ಮಾತ್ರ ಇಳಿದರೆ ಕಾರ್ಡಿನ ಕೂಲರನ್ನೇ ನೋಡಬೇಕು.

ಖಾಯಂ ಆಗಿ ಹಾಗೇ ಇಡಬೇಡಿ. ನಮ್ಮಲ್ಲಿ ಹಲ್ಲಿ, ಇರುವೆ, ಜಿರಳೆ ಮೂರೂ ಉಂಟು. ಮೂರಕ್ಕೂ ಬೆಚ್ಚಗಿನ ಜಾಗ ಇಷ್ಟ. ಒಮ್ಮೆ ಒಂದು ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟು ಕೊಡುವ ಡಬ್ಬ, ಬಿಚ್ಚಿದಾಗ ಒಳಗೆ ಹಲ್ಲಿಯ ಎರಡು ಮೊಟ್ಟೆ, ಕೆಪಾಸಿಟರ್ ಸಂದಿಯಲ್ಲಿ ಒಣಗಿ ಕಡ್ಡಿಯಾದ ಅದರ ಅಮ್ಮ. ಫ್ಯೂಸ್ ಹೋಗಿತ್ತು. ಎಸ್‌ಎಂಪಿಎಸ್ಸನ್ನು ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದರೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ.

ಹಾಗಾದರೆ ಕ್ಯಾಬಿನೆಟಿಗೆ ಎಷ್ಟು ಫ್ಯಾನ್?

ಮುಂದೆ ಎರಡು ಒಳಗೆ ಎಳೆಯಲು, ಹಿಂದೆ ಒಂದು ಹೊರಗೆ ದಬ್ಬಲು. ಅಷ್ಟಿದ್ದರೆ ಬೇಕಾದಷ್ಟಾಯಿತು. ಫ್ಯಾನಿನ ಯಾವ ಬದಿಯಲ್ಲಿ ಅಡ್ಡಪಟ್ಟಿ, ಸ್ಟಿಕ್ಕರ್ ಇರುತ್ತದೋ ಗಾಳಿ ಆ ಬದಿಗೆ ಹೋಗುತ್ತದೆ. ಮೂರೂ ಫ್ಯಾನ್ ಹೊರಗೆ ದಬ್ಬುತ್ತಿದ್ದ ಕ್ಯಾಬಿನೆಟ್ ನೋಡಿದ್ದೇನೆ, ಅಂಗಡಿಯಲ್ಲೇ ಹಾಗೆ ಜೋಡಿಸಿ ಕೊಟ್ಟಿದ್ದರು. ಒಳಗೆ ಎಳೆಯುವುದು ಸ್ವಲ್ಪ ಜಾಸ್ತಿ ಇರಲಿ, ಆಗ ಸಂದಿಗಳಿಂದ ಧೂಳು ನುಗ್ಗುವುದಿಲ್ಲ.

ಮುಂಭಾಗ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ಚಂದಕ್ಕೆ ಸರಿ. ನಮ್ಮ ಸೆಕೆಗೆ ಜಾಲರಿ ಇರುವುದೇ ಬೇಕು. ಮನೆಯಂಗಳದಲ್ಲಿ ಅಡಿಕೆ ಒಣಗಿಸುವವರು, ಸುಲಿಯುವ ಕಾಲದಲ್ಲಿ ಆ ಜಾಲರಿಯನ್ನು ವಾರಕ್ಕೊಮ್ಮೆ ಒರೆಸಿ. ಸಿಪ್ಪೆಯ ನಾರಿನ ಧೂಳು ಹತ್ತಿಯ ಹಾಗೆ ಕೂಲರಿನ ಲೋಹದ ಪಟ್ಟಿಗಳಿಗೆ (ಹೀಟ್‌ಸಿಂಕ್) ಅಂಟಿಕೊಂಡರೆ ಬರಿಯ ಊದಿಗೆ ಹೋಗುವುದಿಲ್ಲ. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನ್ ರೆಕ್ಕೆಯನ್ನು ಒಂದು ಬೆರಳಿನಿಂದ ತಡೆದು ಹಿಡಿಯಿರಿ. ಬಿಟ್ಟರೆ ಅದು ಗಿರಗಿರ ತಿರುಗಿ ಬೇರಿಂಗ್ ಹೋಗುತ್ತದೆ.

ಬಿಸಿ ಇಳಿಸಲು ಒಂದೇ ಒಂದು ಕೆಲಸ ಮಾಡುವುದಾದರೆ ಯಾವುದು?

ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದು. ಈ ಪುಟದಲ್ಲಿ ಉಳಿದದ್ದು ಮರೆತರೂ ಇದೊಂದನ್ನು ಓದಿ.

ಚಿಪ್ಪು ಎಳೆಯುವ ಪವರ್ ಕ್ಲಾಕಿನ ಜೊತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗದ ಜೊತೆ ಏರುತ್ತದೆ. ಶಾಲೆಯಲ್ಲಿ ಕಲಿತ ವರ್ಗವೇ. 1.05 ವೋಲ್ಟಿನಲ್ಲಿ ಓಡುವ ಚಿಪ್ಪನ್ನು ಅದೇ ವೇಗದಲ್ಲಿ 0.90 ವೋಲ್ಟಿಗೆ ಇಳಿಸಿದರೆ, ಲೆಕ್ಕದ ಪ್ರಕಾರ ಚಿಪ್ಪಿನ ಪವರಿನಲ್ಲಿ ಶೇಕಡಾ 26ರಷ್ಟು ಉಳಿತಾಯವಾಗುತ್ತದೆ. ಕಂಪನಿಯವರು ಯಾಕೆ ಹಾಗೆ ಇಡುವುದಿಲ್ಲ? ಲಕ್ಷಗಟ್ಟಲೆ ಚಿಪ್ಪು ಮಾಡುವಾಗ ಎಲ್ಲಕ್ಕಿಂತ ದುರ್ಬಲ ಚಿಪ್ಪೂ ಓಡಬೇಕಲ್ವಾ, ಅದಕ್ಕೆ ಎಲ್ಲಕ್ಕೂ ಸ್ವಲ್ಪ ಜಾಸ್ತಿಯೇ ಕೊಡುತ್ತಾರೆ. ನಿಮ್ಮ ಚಿಪ್ಪು ಒಳ್ಳೆಯದಿದ್ದರೆ ಆ ಜಾಸ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ.

ಎನ್ವಿಡಿಯಾ ಕಾರ್ಡಿಗೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಕಾರ್ಡು ಎಂಎಸ್‌ಐ ಕಂಪನಿಯದ್ದೇ ಆಗಬೇಕಿಲ್ಲ, ಅದು ಕೆಲಸ ಮಾಡುತ್ತದೆ. ಮೊದಲು ಕೋರ್ ಕ್ಲಾಕನ್ನು ಮೈನಸ್ 200 ಮಾಡಿ ಟಿಕ್ ಒತ್ತಿ. ಆಮೇಲೆ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಒಂದು ಗೆರೆ ತೆರೆಯುತ್ತದೆ, ಸಣ್ಣ ಚೌಕಗಳ ಸಾಲು. ಕೆಳಗೆ ವೋಲ್ಟೇಜು, ಪಕ್ಕದಲ್ಲಿ ಕ್ಲಾಕು. 900 ಎಂಬಲ್ಲಿನ ಚೌಕವನ್ನು ಹಿಡಿದು ನಿಮ್ಮ ಕಾರ್ಡು ಮಾಮೂಲಿಯಾಗಿ ಓಡುವ ಕ್ಲಾಕಿಗಿಂತ ಒಂದು ಚೂರು ಕೆಳಗೆ, ಉದಾಹರಣೆಗೆ 1830ಕ್ಕೆ ಎತ್ತಿ. ಮತ್ತೆ ಟಿಕ್. ಅದರಿಂದ ಬಲಕ್ಕಿರುವ ಗೆರೆ ಹಲಗೆಯ ಹಾಗೆ ಮಟ್ಟಸವಾಗುತ್ತದೆ. ಇನ್ನು ಕಾರ್ಡು 0.90 ವೋಲ್ಟಿಗಿಂತ ಮೇಲೆ ಹೋಗುವುದಿಲ್ಲ.

ನನ್ನ 3060ರಲ್ಲಿ ಹೀಗೆ ಮಾಡಿದಾಗ ಆದದ್ದು ಹೇಳುತ್ತೇನೆ. ಮೊದಲು 168 ವಾಟ್, 79 ಡಿಗ್ರಿ. ಆಮೇಲೆ 130 ವಾಟ್ ಆಸುಪಾಸು, 69 ಡಿಗ್ರಿ. ಫ್ರೇಮು ಎರಡು ಕಡಿಮೆ. ಫ್ಯಾನಿನ ಗೊರಗೊರ ನಿಂತ ಮೇಲೆ ಹೊರಗೆ ಜೀರುಂಡೆ ಕೂಗುವುದು ಕೇಳಿಸಿತು. ನಿಮ್ಮ ಕಾರ್ಡು 1830 ತಡೆಯದಿದ್ದರೆ 1800ಕ್ಕೆ ಇಳಿಸಿ. ತಡೆದರೆ ಅಲ್ಲೇ ನಿಲ್ಲಿಸಿ, ಇನ್ನೂ ಕೆಳಗೆ ಕೆಳಗೆ ಅಂತ ಆಸೆ ಬೇಡ.

ಎಎಮ್‌ಡಿ ಕಾರ್ಡಿನವರಿಗೆ ಬೇರೆ ತಂತ್ರಾಂಶವೇ ಬೇಡ. ಕಂಪನಿಯದ್ದೇ ಆದ ಆಡ್ರಿನಲಿನ್ ತಂತ್ರಾಂಶದ ಒಳಗಿನ ಟ್ಯೂನಿಂಗ್ ಪುಟದಲ್ಲಿ ವೋಲ್ಟೇಜ್ ಇಳಿಸಬಹುದು.

ಅಷ್ಟೆಲ್ಲ ಗೆರೆ ಎಳೆಯಲು ನನ್ನಿಂದಾಗದು. ಸುಲಭದ ದಾರಿ?

ಎರಡುಂಟು. ಆಫ್ಟರ್‌ಬರ್ನರಿನಲ್ಲಿ ಪವರ್ ಲಿಮಿಟನ್ನು 80ಕ್ಕೆ ಇಳಿಸಿ, ಮುಗಿಯಿತು. ಕೆಲವು ಫ್ರೇಮು ಹೋಗುತ್ತದೆ, ಬಿಸಿ ತುಂಬ ಇಳಿಯುತ್ತದೆ.

ಇನ್ನೊಂದು, ಫ್ರೇಮಿಗೆ ಮಿತಿ ಹಾಕುವುದು. ನಿಮ್ಮ ಮಾನಿಟರು 60 ಹರ್ಟ್ಸಿನದ್ದು, ಕಾರ್ಡು 140 ಫ್ರೇಮ್ ಮಾಡುತ್ತಾ ಬೆವರುತ್ತಿದೆ. ಉಳಿದ 80 ಫ್ರೇಮನ್ನು ಯಾರೂ ನೋಡುವುದಿಲ್ಲ. 60ಕ್ಕೆ ಕಟ್ಟಿಹಾಕಿ. ಪೆರ್ಲದ ಒಬ್ಬನಿಗೆ ಫೋನಿನಲ್ಲೇ ಇದನ್ನು ಹೇಳಿಕೊಟ್ಟೆ, ಅವನ ಕಾರ್ಡು 81ರಿಂದ 61ಕ್ಕೆ ಬಂತು. ಹೊಸ ಕೂಲರ್ ತರಲು ಮಂಗಳೂರಿಗೆ ಬಸ್ಸು ಹತ್ತಲು ಹೊರಟಿದ್ದ ಪುಣ್ಯಾತ್ಮ.

ಸರಿ, ಬಿಸಿ ಹದಕ್ಕೆ ಬಂತು. ಈಗ ಓವರ್‌ಕ್ಲಾಕ್ ಮಾಡಲಾ?

ಮಾಡಿ. ಕೋರ್ ಕ್ಲಾಕಿಗೆ 25 ಸೇರಿಸಿ, ಹತ್ತು ನಿಮಿಷ ಹೆವನ್ ಅಥವಾ ಸೂಪರ್‌ಪೊಸಿಷನ್ ಎಂಬ ಬೆಂಚ್‌ಮಾರ್ಕ್ (ಕಾರ್ಡಿಗೆ ಸ್ಕೋರ್ ಕೊಡುವ ಪರೀಕ್ಷೆ) ಓಡಿಸಿ. ಪರವಾಗಿಲ್ಲ ಅಂದರೆ ಇನ್ನೊಂದು 25. ಎಲ್ಲೋ ಒಂದು ಕಡೆ ಆಟ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಪರದೆ ಒಂದು ಕ್ಷಣ ಕಪ್ಪಾಗಿ ವಾಪಸ್ ಬರುತ್ತದೆ. ಅಲ್ಲಿಂದ 40, 50 ಹಿಂದೆ ಬನ್ನಿ. ಪರದೆ ಕಪ್ಪಾಗುವುದಕ್ಕೆ ಕಾರಣ ಏನೆಂದರೆ, ಕಾರ್ಡು 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಎಬ್ಬಿಸಿ ಕೂರಿಸುತ್ತದೆ. ಏನೂ ಸುಟ್ಟಿಲ್ಲ, ಹೆದರಬೇಡಿ.

ಮೆಮೊರಿಗೆ ಬೇರೆ ನಡತೆ. ಅದನ್ನು 100, 100 ಅಂತ ಏರಿಸುತ್ತಾ ಪ್ರತಿ ಸಲ ಸ್ಕೋರ್ ಬರೆದಿಡಿ. ಈಗಿನ ಮೆಮೊರಿಗಳಲ್ಲಿ ತಪ್ಪು ಹಿಡಿದು ಮತ್ತೆ ಕಳಿಸುವ ವ್ಯವಸ್ಥೆ ಉಂಟು. ಹಾಗಾಗಿ ಮಿತಿ ಮೀರಿದರೂ ಕೆಲವೊಮ್ಮೆ ಕ್ರ್ಯಾಶ್ ಆಗುವುದಿಲ್ಲ, ಬದಲು ಸ್ಕೋರ್ ಇಳಿಯುತ್ತದೆ. ಪ್ಲಸ್ 1000 ಹಾಕಿದ್ದೇನೆ ಅಂತ ಬೀಗುವವನ ಕಾರ್ಡು ಪ್ಲಸ್ 600ರಲ್ಲಿ ಇದ್ದದ್ದಕ್ಕಿಂತ ನಿಧಾನ ಇರಬಹುದು. ಆಟದಲ್ಲಿ ಚುಕ್ಕಿ, ಬಣ್ಣದ ತ್ರಿಕೋನ ಹಾರಾಡಿದರೂ ಹಿಂದೆ ಬನ್ನಿ.

ವಿಂಡೋಸ್ ಶುರುವಾದಾಗಲೇ ಈ ಸೆಟ್ಟಿಂಗು ಹಾಕಿಕೊಳ್ಳುವ ಬಟನ್ನನ್ನು ಒಂದು ವಾರ ಮುಟ್ಟಬೇಡಿ. ಬೆಂಚ್‌ಮಾರ್ಕಿನಲ್ಲಿ ಗಂಟೆಗಟ್ಟಲೆ ನಿಂತದ್ದು ಯಾವುದೋ ಒಂದು ಆಟದ ಮೆನುವಿನಲ್ಲಿ ಬಿದ್ದದ್ದುಂಟು.

ಕಾರ್ಡನ್ನು ಪೂರ್ತಿ ದಣಿಸುವ ಫರ್‌ಮಾರ್ಕ್ ತಂತ್ರಾಂಶ ಓಡಿಸಿ ಪರೀಕ್ಷೆ ಮಾಡಬಹುದಾ?

ಯಾಕೆ? ಯಾವ ಆಟವೂ ಕಾರ್ಡನ್ನು ಹಾಗೆ ಗೋಳುಹೊಯ್ಯುವುದಿಲ್ಲ.

ಥರ್ಮಲ್ ಪೇಸ್ಟ್ ನಾನೇ ಬದಲಿಸಲಾ?

ವಾರಂಟಿ ಇದ್ದರೆ ಬೇಡ. ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ಸರ್ವಿಸಿನವರು ತಗಾದೆ ತೆಗೆಯಬಹುದು. ಮೂರ್ನಾಲ್ಕು ವರ್ಷ ಹಳೆಯದು, ಹಾಟ್‌ಸ್ಪಾಟ್ ಅಂತರ 25 ದಾಟಿದೆ ಅಂದರೆ ಮಾಡಬಹುದು.

ನನ್ನ ಮೊದಲ ಪ್ರಯತ್ನದ ಕಥೆ ಕೇಳಿ. ಚಿಪ್ಪಿನ ಸುತ್ತ ಸ್ಪ್ರಿಂಗ್ ಇರುವ ನಾಲ್ಕು ಸ್ಕ್ರೂ. ಅವನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಕೂಲರ್ ಏಳಲಿಲ್ಲ, ಪೇಸ್ಟ್ ಅಂಟಿಕೊಂಡಿತ್ತು. ಎಳೆಯುವ ಬದಲು ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ ಬಿಚ್ಚಬೇಕು ಅಂತ ಆಗ ಗೊತ್ತಿರಲಿಲ್ಲ. ಮೆಲ್ಲ ತಿರುಚಿದಾಗ ಟಕ್ ಅಂತ ಎದ್ದು ಬಂತು. ಒಳಗಿನ ಪೇಸ್ಟ್ ಸುಣ್ಣ ಒಣಗಿದ ಹಾಗೆ ಚಕ್ಕೆ ಚಕ್ಕೆ. ನಡುವೆ ಚಿಪ್ಪು ಬೋಳಾಗಿತ್ತು, ಪೇಸ್ಟೆಲ್ಲ ಅಂಚಿಗೆ ಸರಿದಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಅಲ್ಲಿಯ ತನಕ ಎಲ್ಲ ಸರಿ.

ಮೆಮೊರಿಯ ಮೇಲಿನ ಪ್ಯಾಡುಗಳು, ಅಂದರೆ ಅದರ ಬಿಸಿಯನ್ನು ಕೂಲರಿಗೆ ದಾಟಿಸುವ ಮೆತ್ತನೆಯ ಪಟ್ಟಿಗಳು, ಹರಿದವು. ಕೈಯಲ್ಲಿದ್ದದ್ದು 2 ಮಿಲಿಮೀಟರಿನ ಪ್ಯಾಡ್. ಹಳೆಯದು ಎಷ್ಟು ದಪ್ಪ ಅಂತ ಅಳೆಯಲಿಲ್ಲ, ದಪ್ಪ ಇದ್ದಷ್ಟು ಒಳ್ಳೆಯದು ಅಂದುಕೊಂಡು ಹಾಕಿದೆ. ಪಿಸಿ ಹಾಕಿ ಆಟ ಶುರು ಮಾಡಿ ಒಂದು ನಿಮಿಷ ಆಗಿಲ್ಲ, ಹಾಟ್‌ಸ್ಪಾಟ್ 105. ದಪ್ಪ ಪ್ಯಾಡು ಕೂಲರನ್ನು ಎತ್ತಿ ಹಿಡಿದಿತ್ತು, ಚಿಪ್ಪಿಗೆ ಅದು ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ. ಬೇಕಾದದ್ದು 1 ಮಿಲಿಮೀಟರು. ಅದು ಪಾರ್ಸೆಲಿನಲ್ಲಿ ಬರುವ ತನಕ ನಾಲ್ಕು ದಿನ ಕಾರ್ಡು ಹಳೇ ಟವೆಲಿನಲ್ಲಿ ಮಲಗಿತ್ತು. ಹಾಗಾಗಿ ಬಿಚ್ಚುವ ಮೊದಲೇ ನಿಮ್ಮ ಮಾಡೆಲಿನ ಪ್ಯಾಡ್ ದಪ್ಪ ತಿಳಿದುಕೊಂಡು, ಸಾಮಾನು ತರಿಸಿ, ಆಮೇಲೆ ಸ್ಕ್ರೂಗೆ ಕೈ ಹಾಕಿ. ಫ್ಯಾನಿನ ವೈರ್ ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ, ಉಗುರಿನಿಂದ ಎಬ್ಬಿಸಿ.

ಈಗ ನಾನು ಪೇಸ್ಟ್ ಬದಲು ಹನಿವೆಲ್ಲಿನ ಪಿಟಿಎಂ 7950 ಎಂಬ ತೆಳು ಹಾಳೆ ಹಾಕುತ್ತೇನೆ. 45 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಿ ಕೂರುತ್ತದೆ, ಅಂಚಿಗೆ ಓಡಿಹೋಗುವುದಿಲ್ಲ. ನಕಲಿ ಜಾಸ್ತಿ ಉಂಟು, ನೋಡಿ ತೆಗೆದುಕೊಳ್ಳಿ.

ಸುರಂಗದ ನೀರು ಸದಾ ತಣ್ಣಗಿರುತ್ತದಲ್ಲ, ಅದನ್ನು ವಾಟರ್ ಕೂಲಿಂಗಿಗೆ ಬಿಟ್ಟರೆ?

ಬಾಯಾರಿನ ಒಬ್ಬ ಇಂಜಿನಿಯರಿಂಗ್ ಹುಡುಗನ ಪ್ರಶ್ನೆ ಇದು. ಕೇಳಿ ನಗು ಬಂತು, ಆಮೇಲೆ ಯೋಚಿಸಿದರೆ ಒಳ್ಳೆಯ ಪ್ರಶ್ನೆಯೇ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ತೋಟಕ್ಕೆ ನೀರು ಬರುವ ನಮ್ಮ ಊರಿನಲ್ಲಿ ಮಾತ್ರ ಹುಟ್ಟುವ ಯೋಚನೆ.

ಎರಡು ತೊಂದರೆ. ಮಣ್ಣು, ಖನಿಜ ಇರುವ ನೀರು ಕೂಲರಿನ ಸಪೂರ ಕಾಲುವೆಗಳನ್ನು ಕಟ್ಟಿಹಾಕುತ್ತದೆ. ಅಲ್ಲಿಗೆ ಡಿಸ್ಟಿಲ್ಡ್ ನೀರು ಅಥವಾ ಅದಕ್ಕೆಂದೇ ಬರುವ ಕೂಲೆಂಟೇ ಬೇಕು. ಇನ್ನೊಂದು, ಮಳೆಗಾಲದಲ್ಲಿ ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುತ್ತದಲ್ಲ, ಅದೇ ಬೆವರು ನಿಮ್ಮ ಕಾರ್ಡಿನ ಮೇಲೆ ಇಳಿಯುತ್ತದೆ. ಮಾಮೂಲಿ ವಾಟರ್ ಕೂಲರ್ ಕೋಣೆಯ ಗಾಳಿಗಿಂತ ತಣ್ಣಗೆ ಹೋಗುವುದಿಲ್ಲ, ಅದಕ್ಕೆ ಅದು ಬೆವರುವುದಿಲ್ಲ.

ಮಳೆಗಾಲದಲ್ಲಿ ಪಿಸಿಗೆ ತೊಂದರೆ ಉಂಟಾ?

ಬಿಸಿ ಕಡಿಮೆ, ತೇವ ಜಾಸ್ತಿ. ಆಟಿ ತಿಂಗಳಲ್ಲಿ ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಯುವ ಕಡೆ ಪಿಸಿಗೆ ಮಾತ್ರ ರಿಯಾಯಿತಿ ಸಿಗುತ್ತದಾ? ಓಡುತ್ತಿರುವ ಪಿಸಿ ಕೋಣೆಗಿಂತ ಬೆಚ್ಚಗಿರುತ್ತದೆ, ಅದರೊಳಗೆ ನೀರು ಕೂರುವುದಿಲ್ಲ. ಹಾಳಾಗುವುದು ತಿಂಗಳುಗಟ್ಟಲೆ ಮುಟ್ಟದೆ ಇಟ್ಟದ್ದು. ರಜೆ ಮುಗಿದು ಹಾಸ್ಟೆಲಿಗೆ ಹೋಗುವವರು ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ಹಾಕಿಡಲು ಮನೆಯಲ್ಲಿ ಹೇಳಿ ಹೋಗಿ. ಕಾರ್ಡನ್ನು ಬಿಚ್ಚಿ ಇಡುವುದಾದರೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ.

ಎಸಿ ಕೋಣೆಯವರಿಗೆ ಒಂದು ಮಾತು. 22 ಡಿಗ್ರಿಯಲ್ಲಿ ರಾತ್ರಿಯೆಲ್ಲ ತಣ್ಣಗಾದ ಪಿಸಿ, ಬೆಳಗ್ಗೆ ಕಿಟಕಿ ತೆರೆದ ಕೂಡಲೇ ಹೊರಗಿನ ಒದ್ದೆ ಗಾಳಿ. ಆಗ ಲೋಹದ ಮೇಲೆ ತೇವ ಕೂರುತ್ತದೆ. ಅರ್ಧ ಗಂಟೆ ಬಿಟ್ಟು ಸ್ವಿಚ್ ಹಾಕಿ. ಇನ್ನು ಕಡಲಿನ ಹತ್ತಿರ ಇರುವವರ ಪಿಸಿಗಳಲ್ಲಿ ನಾನು ನೋಡಿದ್ದು, ಹಿಂದಿನ ಸ್ಕ್ರೂಗಳಿಗೇ ಮೊದಲು ತುಕ್ಕು. ಅದು ಕಂಡರೆ ಒಳಗೂ ಒಮ್ಮೆ ಇಣುಕಿ ನೋಡಿ. ಆಟ ಇಲ್ಲದಾಗ ಕಾರ್ಡಿನ ಫ್ಯಾನ್ ನಿಲ್ಲಿಸುವ ವ್ಯವಸ್ಥೆಯನ್ನು ನಾನು ಆಫ್ ಮಾಡಿ, ಯಾವಾಗಲೂ ಶೇಕಡಾ 30ರಲ್ಲಿ ತಿರುಗಲು ಬಿಟ್ಟಿದ್ದೇನೆ.

ವೋಲ್ಟೇಜ್ ಏರಿಳಿತ, ಸಿಡಿಲು? ಸ್ಟೆಬಿಲೈಸರ್ ಬೇಕಾ?

ಒಳ್ಳೆಯ ಎಸ್‌ಎಂಪಿಎಸ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಸಂಜೆ 180ಕ್ಕೆ ಇಳಿದರೂ ಅದಕ್ಕೆ ಚಿಂತೆ ಇಲ್ಲ, ಸ್ಟೆಬಿಲೈಸರ್ ದುಡ್ಡು ಉಳಿಸಿ. 200ರಿಂದ 240 ಅಂತ ಮಾತ್ರ ಬರೆದಿದ್ದರೆ ನಮ್ಮ ಕಡೆಗೆ ಅದು ಬೇಡ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ತನಕ. ಆಟದ ನಡುವೆ ಕರೆಂಟು ಹೋದಾಗ ಕೀ ಅಂತ ಕಿರುಚಿ ಪಿಸಿಯನ್ನೂ ಕೆಡವಿದರೆ ಅದರದ್ದು ತಪ್ಪಲ್ಲ, ನೀವು ಜಾಸ್ತಿ ಹೊರಿಸಿದ್ದೀರಿ.

ಸಿಡಿಲಿಗೆ ಮಾತ್ರ ಮದ್ದಿಲ್ಲ. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆ ಮೋಡ ಕಟ್ಟಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಎಳೆಯಿರಿ, ಆ ದಾರಿಯಲ್ಲಿ ಬಂದು ಮದರ್‌ಬೋರ್ಡು ಹೊಡೆದದ್ದನ್ನು ಎರಡು ಸಲ ನೋಡಿದ್ದೇನೆ. ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ನಿಂದ ತೋರಿಸಿ. ಕ್ಯಾಬಿನೆಟ್ ಮುಟ್ಟಿದಾಗ ಚುಮುಚುಮು ಅಂದರೆ ಅನುಮಾನ ಅದರ ಮೇಲೆಯೇ.

ಪ್ರೊಸೆಸರನ್ನೂ ಓವರ್‌ಕ್ಲಾಕ್ ಮಾಡಲಾ?

ಇಂಟೆಲ್ ಆದರೆ ಹೆಸರಿನಲ್ಲಿ ಕೆ ಇರಬೇಕು, ಬೋರ್ಡ್ ಜೆಡ್ ಸರಣಿಯದ್ದಾಗಬೇಕು. ಎಎಮ್‌ಡಿಯ ರೈಜನ್ ಹೆಚ್ಚಿನವು ತೆರೆದೇ ಇರುತ್ತವೆ, ಬಿ ಸರಣಿಯ ಬೋರ್ಡೂ ಸಾಕು. ಆದರೆ ಆಟಕ್ಕೆ ಅದರಿಂದ ಸಿಗುವುದು ಅಷ್ಟಕ್ಕಷ್ಟೇ. ಅದರ ಬದಲು ಬಯಾಸಿಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗಿಗೆ ಹೋಗಿ, ರ್‍ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಇದೆಯಾ ನೋಡಿ. 3200ರ ರ್‍ಯಾಮ್ ಕೊಂಡು ಎರಡು ವರ್ಷ 2133ರಲ್ಲಿ ಓಡಿಸಿದವರು ನಮ್ಮಲ್ಲಿ ಎಷ್ಟು ಜನ ಬೇಕು?

ಇಂಟೆಲ್ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಇದ್ದವರು ಓವರ್‌ಕ್ಲಾಕ್ ಮಾತು ಬಿಟ್ಟು ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ವೋಲ್ಟೇಜ್ ಅತಿಯಾಗಿ ಏರಿ ಚಿಪ್ಪು ಸವೆಯುವ ದೋಷ ಅವುಗಳಲ್ಲಿತ್ತು. 2024ರ ಆಗಸ್ಟಿನಿಂದ ಅದಕ್ಕೆ ತಿದ್ದುಪಡಿ ಬರತೊಡಗಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು.

ಮೈನಿಂಗ್ ಮಾಡಿದ ಸೆಕೆಂಡ್ ಹ್ಯಾಂಡ್ ಕಾರ್ಡು ತೆಗೆದುಕೊಳ್ಳಬಹುದಾ?

ಮೈನಿಂಗ್ ಅಂದರೆ ಕಾರ್ಡಿನಿಂದ ಹಗಲೂ ರಾತ್ರಿ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ನಾಣ್ಯ ರೀತಿ ಬದಲಿಸಿ ಅದರ ಮೈನಿಂಗ್ ನಿಂತ ಮೇಲೆ ಅಂಥ ಕಾರ್ಡುಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ಚಿಪ್ಪು ಸಾಮಾನ್ಯವಾಗಿ ಗಟ್ಟಿಯೇ ಇರುತ್ತದೆ. ಹೋಗುವುದು ಫ್ಯಾನು, ಪ್ಯಾಡು. ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಆಟ ಓಡಿಸಿ ಹಾಟ್‌ಸ್ಪಾಟ್ ನೋಡಿ. ಓಡಿಸಲು ಬಿಡದವನ ಹತ್ತಿರ ತೆಗೆದುಕೊಳ್ಳಬೇಡಿ.

ಲ್ಯಾಪ್‌ಟಾಪಿಗೆ?

ಓವರ್‌ಕ್ಲಾಕ್ ಬೇಡವೇ ಬೇಡ. ಹಿಂದಿನ ಎರಡು ಕಾಲಿನ ಕೆಳಗೆ ಪುಸ್ತಕ ಇಟ್ಟು ಎತ್ತರಿಸಿ, ಫ್ರೇಮಿಗೆ ಮಿತಿ ಹಾಕಿ. ಹಾಸಿಗೆಯ ಮೇಲೆ ಇಟ್ಟು ಆಡಬೇಡಿ.

ಇದರಿಂದ ಕರೆಂಟ್ ಬಿಲ್ಲು ಎಷ್ಟು ಬರುತ್ತದೆ?

ಇದು ಹುಡುಗರದ್ದಲ್ಲ, ಅವರ ಅಮ್ಮಂದಿರ ಪ್ರಶ್ನೆ. ಮುಳ್ಳೇರಿಯದ ಒಬ್ಬರು ಅಕ್ಕ ಬಿಲ್ಲು ಹಿಡಿದುಕೊಂಡೇ ಬಂದಿದ್ದರು.

ಆಡುವಾಗ ಪಿಸಿ 350 ವಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆ ಅಂದರೆ 1.4 ಯೂನಿಟ್. ನಮ್ಮಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ, 60 ದಿನಕ್ಕೆ 84 ಯೂನಿಟ್ ಆಯಿತು. ಅಂಡರ್‌ವೋಲ್ಟಿನಿಂದ 50 ವಾಟ್ ಉಳಿದರೆ 12 ಯೂನಿಟ್ ಕಡಿಮೆ. ಅಷ್ಟೇನಾ ಅನಿಸಬಹುದು. ಆದರೆ ಕೇರಳದಲ್ಲಿ ಮನೆಯ ಖರ್ಚು ತಿಂಗಳಿಗೆ 250 ಯೂನಿಟ್ ದಾಟಿದರೆ ಮೆಟ್ಟಿಲು ಮೆಟ್ಟಿಲಿನ ದರ ಹೋಗಿ, ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ ಬೀಳುತ್ತದೆ. ಗೆರೆಯ ಅಂಚಿನಲ್ಲಿರುವ ಮನೆಗೆ ಆ 12 ಯೂನಿಟ್ ದೊಡ್ಡದೇ. ಅಕ್ಕನ ಬಿಲ್ಲಿನಲ್ಲಿ ಎರಡು ತಿಂಗಳಿಗೆ 506 ಯೂನಿಟ್ ಇತ್ತು, ಗೆರೆ 500. ಮಗನ ಕಾರ್ಡನ್ನು ಅವರ ಎದುರೇ 0.90 ವೋಲ್ಟಿಗೆ ಇಳಿಸಿ ಕೊಟ್ಟೆ. ಮುಂದಿನ ಬಿಲ್ಲು 491 ಯೂನಿಟ್ ಬಂತು ಅಂತ ಫೋನ್ ಮಾಡಿ ಹೇಳಿದರು. ಮಗನಿಗೆ ಪರೀಕ್ಷೆ ಇತ್ತಂತೆ, ಅದೂ ಒಂದು ಕಾರಣ ಇರಬಹುದು.